ಫ್ಲಾರೆನ್ಸಿನ ಗುಮ್ಮಟ ಹತ್ತುವವರಿಗೆ ನಾಲ್ಕು ಮಾತು

ನಮ್ಮ ಮನೆಯವರು ಮೂರು ಜನ ಸೇರಿ ಸಾಗರದಿಂದ ಇಕ್ಕೇರಿಗೆ ಹೋಗಿ ಬಂದರೂ ಹೇಳಿಕೊಂಡು ನಗುವಂಥದ್ದು ಒಂದಾದರೂ ನಡೆದೇ ನಡೆಯುತ್ತದೆ. ಇನ್ನು ಇಟಲಿಗೆ ಹೋದರೆ ಬಿಡುತ್ತದೆಯೇ? ನಾವು ಹೋಗಿ ಬಂದ ಸುದ್ದಿ ಹಬ್ಬಿದ ಮೇಲೆ ಆ ಕಡೆ ಹೊರಟವರೆಲ್ಲ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಸಲಹೆ ಅಂತ ನಾನು ಹೇಳುವುದೆಲ್ಲ ನಾವು ಮಾಡಿಕೊಂಡ ಎಡವಟ್ಟುಗಳೇ.

ಹೋದವರು ನಾನು, ನನ್ನ ಹೆಂಡತಿ ಮತ್ತು ಹೊಸನಗರ ತಾಲೂಕಿನ ನಗರದಲ್ಲಿರುವ ಅವಳ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಹೆಂಡತಿ ತೀರ್ಥಹಳ್ಳಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಫ್ಲಾರೆನ್ಸಿನ ದೊಡ್ಡ ಚರ್ಚಿನ ಪಟವನ್ನು ಕ್ಲಾಸಿನ ಗೋಡೆಗೆ ಅಂಟಿಸಿ, ವರ್ಷವರ್ಷವೂ ಮಕ್ಕಳಿಂದ ಅದರ ಗುಮ್ಮಟ ಬರೆಸಿದವಳು. ನಿವೃತ್ತಿಯಾದ ಮೇಲೆ ಅವಳಿಗೆ ಇದ್ದದ್ದು ಒಂದೇ ಆಸೆ, ಆ ಗುಮ್ಮಟ ಹತ್ತಬೇಕು. ನಾನೂರು ಚಿಲ್ಲರೆ ಮೆಟ್ಟಿಲು, ಲಿಫ್ಟ್ ಇಲ್ಲ. ಅವಳ ಮಂಡಿ ಆಪರೇಷನ್ ಆಗಿ ಒಂದು ವರ್ಷವಾಗಿತ್ತು. ಈಗ ಬಿಟ್ಟರೆ ಮತ್ತೆ ಆಗಲಿಕ್ಕಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಗಾಗಿ ಟೂರಿನವರ ಜೊತೆ ಹೊರಟೆವು.

೧. ಬಚ್ಚಲಿನ ದಾರ ಮುಟ್ಟಬೇಡಿ

ಅಲ್ಲಿಯ ಹೋಟೆಲುಗಳ ಬಚ್ಚಲಲ್ಲಿ ಷವರಿನ ಪಕ್ಕ ಒಂದು ದಾರ ಇಳಿಬಿಟ್ಟಿರುತ್ತಾರೆ. ಯಾರಾದರೂ ಜಾರಿ ಬಿದ್ದರೆ ಅದನ್ನು ಎಳೆಯಬೇಕು, ಕೆಳಗೆ ಗಂಟೆ ಹೊಡೆದುಕೊಂಡು ಜನ ಓಡಿ ಬರುತ್ತಾರೆ. ಇದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ.

ಭಾವ ಸ್ನಾನ ಮುಗಿಸಿ, ಪಂಚೆ ಒಗೆದು, ಆ ದಾರವನ್ನು ಎಳೆದು ಕಿಟಕಿಯ ಹಿಡಿಗೆ ಬಿಗಿದು ಪಂಚೆ ಹರವಿದರು. ಎರಡು ನಿಮಿಷದಲ್ಲಿ ಕೌಂಟರಿನ ಹೆಂಗಸು ಔಷಧಿ ಪೆಟ್ಟಿಗೆ ಹಿಡಿದ ಒಬ್ಬನ ಜೊತೆ ಏದುಸಿರು ಬಿಡುತ್ತ ಬಂದಳು. ಭಾವ ಟವೆಲ್ ಸುತ್ತಿಕೊಂಡು ಬಾಗಿಲು ತೆರೆದು, ಬಂದವರಿಗೆ ಕೂರಲು ಹೇಳಿದರಂತೆ. ಆಕೆ ಪಂಚೆಯನ್ನು ತೆಗೆದು ಕೈಗೆ ಕೊಟ್ಟು, ದಾರ ಬಿಚ್ಚಿ, ದಬಕ್ಕನೆ ಬೀಳುವ ಹಾಗೆ ನಟನೆ ಮಾಡಿ ತೋರಿಸಿದಳು. ಭಾವ ತಲೆಯಾಡಿಸಿದರು.

ಹತ್ತು ನಿಮಿಷಕ್ಕೆ ಮತ್ತೆ ಗಂಟೆ. ಮತ್ತೆ ಅದೇ ಹೆಂಗಸು, ಅದೇ ಪೆಟ್ಟಿಗೆ. ಪಕ್ಕದ ರೂಮಿನಿಂದ ನಾನೂ ಓಡಿದೆ. ಭಾವನಿಗೆ ಬೇಜಾರಾಗಿತ್ತು.

"ದಾರ ಭಾರ ತಡೆಯಲ್ಲ, ಬೀಳತ್ತೆ ಅಂದ್ಲು. ಸರಿ ಅಂತ ಪಂಚೆ ತೆಗ್ದೆ. ಈಗ ಹಾಕಿದ್ದು ಬರೀ ಕರ್ಚೀಪು ಭಾವ."

೨. ಕಾಫಿ

ಕಾಫಿಯನ್ನು ನಿಂತು ಕುಡಿಯಿರಿ, ಕೂತರೆ ರೇಟು ಜಾಸ್ತಿ. ಬಟ್ಟಲಿನ ತಳದಲ್ಲಿ ಎರಡು ಗುಟುಕು ಬಂದರೆ ಅದು ಸ್ಯಾಂಪಲ್ ಅಲ್ಲ, ಅದೇ ಕಾಫಿ. ನಮ್ಮ ಭಾವ ಅದನ್ನು ಕುಡಿದು, ರುಚಿ ಅಡ್ಡಿಯಿಲ್ಲ, ಇದನ್ನೇ ಮೂರು ಮಾಡ್ಕೊಂಡು ಬಾ ಅಂತ ಕಾಫಿ ಕೊಟ್ಟವನಿಗೆ ಹೇಳಲು ನನಗೆ ಹೇಳಿದರು.

೩. ಊರಿನ ಕೋಟೆಯ ಸುದ್ದಿ ತೆಗೆಯಬೇಡಿ

ಅಲ್ಲಿನ ಗೈಡ್ ಹೆಂಗಸು ತುಂಬ ಒಳ್ಳೆಯವಳು. ಒಂದು ಹಳೆಯ ಅರಮನೆಯ ಗೋಡೆಯ ಮುಂದೆ ನಿಲ್ಲಿಸಿ, ಇದಕ್ಕೆ ಐನೂರು ವರ್ಷ ಮೀರಿದೆ, ಕೈ ಮುಟ್ಟಿಸಬೇಡಿ ಅಂದಳು. ಅವಳ ಇಂಗ್ಲಿಷನ್ನು ಭಾವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಭಾವ ಆಗಲೇ ಗೋಡೆಗೆ ಒರಗಿಕೊಂಡಾಗಿತ್ತು. ನಮ್ಮ ಮನೆ ಹಿತ್ತಲಿಂದ ಕಲ್ಲು ಹೊಡೆದರೆ ಕೆಳದಿ ಅರಸರ ಕೋಟೆಗೆ ಬೀಳುತ್ತದೆ, ನಾವು ಹೀಗೆಲ್ಲ ಹಾರಾಡುವುದಿಲ್ಲ, ಇದನ್ನು ಅವಳಿಗೆ ಹೇಳಿ ಅಂತ ಹಟ ಹಿಡಿದರು. ಹೇಳಿದೆ.

ಆಕೆಗೆ ನಿಜವಾಗಿಯೂ ಖುಷಿಯಾಯಿತು. ಹಾಗಾದರೆ ನಿಮ್ಮ ಕೋಟೆಗೂ ತುಂಬ ಜನ ಬರುತ್ತಾರಾ ಅಂತ ಕೇಳಿದಳು.

ಭಾವ ಸುಳ್ಳು ಹೇಳುವವರಲ್ಲ. ಸ್ವಲ್ಪ ಯೋಚಿಸಿದರು.

"ಬರ್ತಾರೆ. ಸಂಜೆ ದನ ಮನೆಗೆ ಬರ್ಲಿಲ್ಲ ಅಂದ್ರೆ ಎಲ್ರೂ ಮೊದ್ಲು ಅಲ್ಲಿಗೇ ಬರೋದು."

೪. ಶೂ ಬಿಡುವ ಮುಂಚೆ ಸುತ್ತ ನೋಡಿ

ಗುಮ್ಮಟದ ಟಿಕೆಟ್ಟಿನಲ್ಲಿ ಹೊತ್ತು ಬರೆದಿರುತ್ತದೆ. ಆ ಹೊತ್ತಿಗೆ ಮೆಟ್ಟಿಲು ಹತ್ತದಿದ್ದರೆ ಮುಗಿಯಿತು. ನಮ್ಮದು ಹನ್ನೊಂದಕ್ಕೆ. ಮಾರನೇ ದಿನ ಬೆಳಿಗ್ಗೆ ನಮ್ಮ ಬಸ್ಸು ಬೇರೆ ಊರಿಗೆ ಹೊರಡುವುದಿತ್ತು. ಗುಂಪಿನವರೆಲ್ಲ ಚರ್ಮದ ಬ್ಯಾಗು ಕೊಳ್ಳಲು ಹೋದರು. ನಾವು ಮೂವರು ಮೊದಲೇ ಹೋಗಿ ಸಾಲಿನಲ್ಲಿ ನಿಂತೆವು. ಹೆಂಡತಿ ತಲೆಯೆತ್ತಿ ಗುಮ್ಮಟವನ್ನೇ ನೋಡುತ್ತಿದ್ದಳು. ಅವಳ ಮಂಡಿಯ ಬಗ್ಗೆ ಅವಳಿಗಿಂತ ನನಗೆ ಹೆದರಿಕೆ.

ಚರ್ಚಿನ ಒಳಗೆ ಹೋಗಿ ಮೆಟ್ಟಿಲಿನ ಬಾಗಿಲಿಗೆ ಬಂದೆವು. ಅಲ್ಲಿದ್ದ ಕಾವಲಿನವನು ಟಿಕೆಟ್ ನೋಡಿದ, ಆಮೇಲೆ ನನ್ನ ಹೆಂಡತಿಯ ಕಾಲು ನೋಡಿದ. ನಾವೂ ನೋಡಿದೆವು. ಬರಿಗಾಲು. ಮಂಡಿಗೆ ಒಳ್ಳೆಯದು ಅಂತ ಡಾಕ್ಟರ್ ಹೇಳಿ ಕೊಳ್ಳಿಸಿದ ಶೂ ಎಲ್ಲಿ ಅಂತ ಕೇಳಿದೆ.

"ಹೊರಗೆ ಬಿಟ್ಟು ಬಂದೆ. ದೇವಸ್ಥಾನ ಅಲ್ವೇನ್ರೀ?"

ಹಾಗೆ ಹೇಳುತ್ತ ಅವಳು ನನ್ನ ಕಾಲಿನ ಶೂವನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ಸಾಲು ಶುರುವಾಗುವ ಕಂಬಿಯ ಹತ್ತಿರ ಜೋಡಿಸಿ ಇಟ್ಟು ಬಂದಿದ್ದಳಂತೆ. ಸುತ್ತಲಿನ ಅಷ್ಟು ಜನ ಶೂ ಹಾಕಿಕೊಂಡೇ ಇದ್ದರು, ಆದರೆ ಇವಳು ಮೇಲೆ ನೋಡುತ್ತಿದ್ದವಳು ಯಾರ ಕಾಲನ್ನೂ ನೋಡಿರಲಿಲ್ಲ.

ಬರಿಗಾಲಲ್ಲಿ ಬಿಡುವುದಿಲ್ಲ ಅಂತ ಕಾವಲಿನವನು ಕೈ ಅಲ್ಲಾಡಿಸಿದ. ಹನ್ನೊಂದಕ್ಕೆ ಎಂಟು ನಿಮಿಷವಿತ್ತು. ಓಡಿಹೋಗಿ ತರುತ್ತೇನೆ ಅಂದೆ. ಓಡ್ತೀರಾ ಅಂತ ಭಾವ ಅನುಮಾನದಿಂದ ಕೇಳಿದರು.

ನಮ್ಮ ದೇವಸ್ಥಾನಗಳಲ್ಲಿ ಹೋದ ಬಾಗಿಲಿನಿಂದಲೇ ಹೊರಗೆ ಬರುತ್ತೇವೆ. ಅಲ್ಲಿ ಹಾಗಲ್ಲ, ಒಳಗೆ ಬರುವುದು ಒಂದು ಕಡೆ, ಹೊರಗೆ ಹೋಗುವುದು ಇನ್ನೊಂದು ಕಡೆ. ಆ ಚರ್ಚಿಗೆ ಅರ್ಧ ಪ್ರದಕ್ಷಿಣೆ ಹಾಕಿ ಕಂಬಿಯ ಹತ್ತಿರ ಬಂದೆ. ಹೆಂಡತಿಯ ಶೂ ಇತ್ತು. ಆದರೆ ಅದೊಂದೇ ಇರಲಿಲ್ಲ. ಅದರ ಪಕ್ಕದಲ್ಲಿ ಸಾಲಾಗಿ ಇನ್ನೂ ಹತ್ತು ಹನ್ನೆರಡು ಜೊತೆ. ಅಚ್ಚುಕಟ್ಟಾಗಿ ಇಟ್ಟ ಒಂದು ಜೊತೆಯನ್ನು ನೋಡಿ ಹಿಂದಿನವರು ಇಲ್ಲಿಯ ಪದ್ಧತಿಯೇ ಹೀಗೆ ಅಂದುಕೊಂಡಿದ್ದರು. ಅವರನ್ನು ನೋಡಿ ಅವರ ಹಿಂದಿನವರು. ಇನ್ನೂ ಒಂದು ಸಂಸಾರ ಲೇಸು ಬಿಚ್ಚುತ್ತಿತ್ತು.

ನಾನು ಬಗ್ಗಿ ಹೆಂಡತಿಯ ಶೂ ಎತ್ತಿಕೊಂಡೆ. ಅದನ್ನು ನೋಡಿದ ಆ ಸಂಸಾರದ ಅಜ್ಜಿ ನಾನೇ ಇದರ ಉಸ್ತುವಾರಿ ಅಂದುಕೊಂಡು ತನ್ನ ಚಪ್ಪಲಿಯನ್ನು ನನ್ನ ಇನ್ನೊಂದು ಕೈಗೆ ಕೊಟ್ಟಳು. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅಲ್ಲ ಅಲ್ಲ ಅಂದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೆನ್ನು ತಟ್ಟಿ, ಜೇಬಿಗೆ ಒಂದು ನಾಣ್ಯ ಹಾಕಿ ಒಳಗೆ ಹೋದಳು. ನಂಬಿ ಕೊಟ್ಟ ಮುದುಕಿಯ ಚಪ್ಪಲಿಯನ್ನು ಬೀದಿಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಹೆಂಡತಿಯ ಶೂವನ್ನಾದರೂ ತಲುಪಿಸೋಣ ಅಂತ ಬಾಗಿಲಿಗೆ ಹೋದರೆ, ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು ಅಂದರು. ಗಡಿಯಾರ ನೋಡಿದೆ, ಹನ್ನೊಂದು ದಾಟಿತ್ತು. ಫೋನ್ ಮಾಡಿದರೆ ಹೋಗುತ್ತಿರಲಿಲ್ಲ.

ವಾಪಸು ಬಂದು ಕಂಬಿಯ ಹತ್ತಿರ ಕೂತುಬಿಟ್ಟೆ. ಅಷ್ಟು ವರ್ಷದ ಆಸೆ, ಅಷ್ಟು ದೂರದ ಪ್ರಯಾಣ, ನಾನು ಇನ್ನೂ ಸ್ವಲ್ಪ ಜೋರಾಗಿ ಓಡಬಹುದಿತ್ತು. ಒಂದು ಗಂಟೆ ಹಾಗೇ ಕೂತಿದ್ದೆ. ಕೆಲವರು ಬಂದು ತಮ್ಮ ಶೂ ಹಾಕಿಕೊಂಡು ಥ್ಯಾಂಕ್ಸ್ ಹೇಳಿ ಹೋದರು, ಹೊಸಬರು ಬಂದು ಬಿಟ್ಟು ಹೋದರು.

ಆಗ ಫೋನ್ ಬಂತು. ಹೆಂಡತಿ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ರೀ, ಹತ್ತಿಬಿಟ್ಟೆ."

ಅವಳ ಅಣ್ಣ ತಮ್ಮ ಕ್ಯಾನ್ವಾಸ್ ಶೂ ಬಿಚ್ಚಿ, ತಂಗಿಯ ಕಾಲಿಗೆ ಹಾಕಿ, ಲೇಸು ಬಿಗಿದು ಕಳಿಸಿದ್ದರು. ತಾವು ಬರಿಗಾಲಲ್ಲಿ ಕೆಳಗೆ ಬೆಂಚಿನ ಮೇಲೆ ಕೂತಿದ್ದರಂತೆ. ಊರಿಗೆ ಊರೇ ಕೆಂಪು ಹೆಂಚು ಕಾಣುತ್ತಿದೆ, ನದಿ ನಮ್ಮ ತುಂಗೆಯಷ್ಟಿಲ್ಲ, ಮಕ್ಕಳಿಗೆ ನಾನು ಬರೆಸಿದ್ದು ಸರಿಯಾಗಿಯೇ ಇತ್ತು ಅಂದಳು. ನನಗೆ ಕಣ್ಣು ತುಂಬಿ ಬಂತು.

ಅವಳು ಮಾತಾಡುತ್ತಲೇ ಮೇಲಿನಿಂದ ಬೀದಿ ನೋಡುತ್ತಿದ್ದಳು ಅಂತ ಕಾಣುತ್ತದೆ.

"ರೀ, ಇಲ್ಲೂ ಚಪ್ಪಲಿ ಕಾಯೋರು ಇದಾರೆ ಕಣ್ರೀ. ಕೆಳಗೆ ಕಂಬಿ ಹತ್ರ ಒಬ್ಬ ಬೋಳುತಲೆಯವನು ಸಾಲಾಗಿ ಇಟ್ಕೊಂಡು ಕೂತಿದಾನೆ. ಮೊದ್ಲೇ ಕಂಡಿದ್ರೆ ಅವನ ಹತ್ರನೇ ಕೊಟ್ಟು ಬರ್ತಿದ್ದೆ, ನಿಮಗೆ ಓಡೋ ಕಷ್ಟ ತಪ್ಪೋದು."