ಮಾವನ ಮ್ಯಾಕೂ ಎಡಗಡೆಯ ಹುಬ್ಬೂ

ನಮ್ಮ ಸೋದರಮಾವ ಬಹಳ ಜಾಗರೂಕ ಮನುಷ್ಯ. ಅಷ್ಟೊಂದು ಜಾಗರೂಕತೆಯಿಂದ ಸ್ವಂತ ಮನೆಗೆ ಬೆಂಕಿ ಹಚ್ಚಬಲ್ಲವರನ್ನು ನಾನಂತೂ ಬೇರೆ ಕಂಡಿಲ್ಲ! ನಗಬೇಡಿ. ಇವತ್ತಿಗೂ ಕುಕ್ಕರ್ ಸೀಟಿ ಹೊಡೆಯುವ ಮುಂಚೆ ‘ಉಸ್ಸ್’ ಅಂದರೆ ಸಾಕು, ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತದೆ. ಓಡಲು ದಾರಿ ಇದೆಯೇ ಎಂದು ನೋಡಿಕೊಂಡೇ ಒಗ್ಗರಣೆಗೆ ಸಾಸಿವೆ ಹಾಕುವ ಹೆಂಗಸು ನಾನು.

ಮಾವ ವಿಮಾನ ಕಾರ್ಖಾನೆಯೊಂದರ ವೈರಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ರಾಮಮೂರ್ತಿ ನಗರದ ಮನೆಗೆ ಅವರು ಅಲ್ಲಿಂದ ಎರಡು ಪದ್ಧತಿಗಳನ್ನು ಹೊತ್ತು ತಂದಿದ್ದರು. ಬಿಚ್ಚಿದ ಭಾಗಗಳನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಬಲಗಡೆ ಬಟ್ಟೆ ಹಾಸಿ ಸಾಲಾಗಿ ಇಡಬೇಕು. ಮೊದಲು ಬಿಚ್ಚಿದ್ದು ಕೈ ಪಕ್ಕದಲ್ಲೇ, ಕೊನೆಯದು ಆ ತುದಿಯಲ್ಲಿ. ಆ ಸಾಲನ್ನು ದೇವರು ಬಂದರೂ ಮುಟ್ಟುವಂತಿಲ್ಲ. ಇನ್ನೊಂದು, ಮಾಡಿದ ಕೆಲಸವನ್ನು ಗಟ್ಟಿಯಾಗಿ ಹೇಳಬೇಕು. ಪಕ್ಕದಲ್ಲಿ ನಿಂತವರು ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ಹಾಗೆ ಹೇಳುವವರಿಗೆ ‘ಎರಡನೇ ಕಣ್ಣು’ ಎಂದು ಹೆಸರು.

ಗ್ಯಾಸ್ ಸಿಲಿಂಡರ್ ಬದಲಾಯಿಸಿ ಮಾವ “ರೆಗ್ಯುಲೇಟರ್ ಕೂತಿತು!” ಎಂದು ಕೂಗುತ್ತಿದ್ದರು. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿ “ಕೂತಿತು ರೀ!” ಎನ್ನುತ್ತಿದ್ದರು. ಮದುವೆಯ ದಿನ ತಾಳಿ ಕಟ್ಟಿ “ಗಂಟು ಬಿತ್ತು” ಎಂದವರು, ಪುರೋಹಿತರು “ಬಿತ್ತಪ್ಪಾ ಬಿತ್ತು” ಎನ್ನುವವರೆಗೂ ಕೈ ಬಿಟ್ಟಿರಲಿಲ್ಲವಂತೆ!

ಆ ಅತ್ತೆಯ ಕಣ್ಣೇ ಮಂಜಾಗತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ, ಅಕ್ಷರ ದೊಡ್ಡದಿದ್ದರೆ ಓದಬಹುದು ಎಂದರು ಡಾಕ್ಟರು. ಎದುರಿಗೆ ನಿಂತವರ ಮುಖ ಅವರಿಗೆ ನೀರು ಚೆಲ್ಲಿದ ಚಿತ್ರದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಪೇಪರನ್ನು ಗಟ್ಟಿಯಾಗಿ ಓದಿ, ಪ್ರತಿ ಸುದ್ದಿಗೂ ಒಂದು ಬೈಗುಳ ಸೇರಿಸುವುದು ಅತ್ತೆಯ ಹಕ್ಕು. ಈಗ ಮಾವ ಓದಿದರೆ, “ಬಿಡಿ ರೀ, ಮಂತ್ರಿ ರಾಜೀನಾಮೆ ಕೊಟ್ಟಿದ್ದನ್ನೂ ಟೆಂಡರ್ ನೋಟಿಸ್ ಥರ ಓದ್ತೀರ!” ಎಂದು ಎದ್ದುಹೋಗುತ್ತಿದ್ದರು. ಎದ್ದುಹೋಗುವಾಗ ಬಾಗಿಲ ಚೌಕಟ್ಟನ್ನು ಕೈಯಿಂದ ತಡವುತ್ತಿದ್ದರು. ಮಾವ ಅದನ್ನೇ ನೋಡುತ್ತ ಕೂರುತ್ತಿದ್ದರು.

ಹೀಗಿರುವಾಗ ಇಂದಿರಾನಗರದ ಅಂಗಡಿಯೊಂದರಲ್ಲಿ ಅವರಿಬ್ಬರೂ ಮ್ಯಾಕ್ ಕಂಪ್ಯೂಟರ್ ನೋಡಿದರು. ಮಾರುವ ಹುಡುಗಿ ಒಂದು ಕೀ ಒತ್ತಿ ಹಿಡಿದು ಮೌಸಿನ ಗಾಲಿ ತಿರುಗಿಸಿದಳು. ಇಡೀ ಪರದೆ ಬೆಣ್ಣೆಯ ಹಾಗೆ ಜಾರಿ ಹತ್ತಿರ ಬಂತು. ಒಂದೊಂದು ಅಕ್ಷರ ಅಂಗೈಯಗಲ! “ರೀ, ‘ಫೈಲ್’ ಅಂತಿದೆ!” ಎಂದರಂತೆ ಅತ್ತೆ. ಎಷ್ಟೋ ತಿಂಗಳ ಮೇಲೆ ಅವರಾಗಿ ಓದಿದ ಮೊದಲ ಪದ. ಬೆಲೆ ಕೇಳಿ ಇಬ್ಬರೂ ಸುಮ್ಮನೆ ಹೊರಗೆ ಬಂದರು. ಮಾವ ಮರುದಿನವೇ ನನ್ನ ಮನೆಗೆ ಬಂದು ನನ್ನ ಹಳೆಯ ಲ್ಯಾಪ್‌ಟಾಪನ್ನು ಎತ್ತಿಕೊಂಡರು.

“ಮಾವ, ಇದು ಬೇರೆ ಕಂಪನೀದು. ಇದರಲ್ಲಿ ಮ್ಯಾಕ್ ಓಡಲ್ಲ.”

“ಓಡಿಸೋರು ಇದಾರೆ ಕಣೇ, ಇಂಟರ್‌ನೆಟ್‌ನಲ್ಲಿ. ನಾನು ವಿಮಾನಕ್ಕೇ ವೈರ್ ಎಳೆದವನು. ನೀನು ಭಾನುವಾರ ಬಾ, ಎರಡನೇ ಕಣ್ಣು ಬೇಕು.”

ಓಡಿತು, ನಿಜ. ಆದರೆ ಎಂಥಾ ಓಟ! ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿಗೂ ಮ್ಯಾಕಿಗೂ ಪರಿಚಯವೇ ಇರಲಿಲ್ಲ. ಪರದೆಯ ತುಂಬ ಇಳಕಲ್ ಸೀರೆಯ ಅಂಚಿನಂಥ ಗೆರೆಗಳು. ಗಾಲಿ ತಿರುಗಿಸಿದರೆ ಅಕ್ಷರ ಬೆಳೆಯುವ ಬದಲು ಹರಿದು ಚೂರುಚೂರಾಗುತ್ತಿತ್ತು. ಅತ್ತೆ ಮೂಗನ್ನು ಪರದೆಗೆ ತಾಗಿಸಿ, “ನನ್ನ ಕಣ್ಣಿನ ದೋಷಾನೋ ಇದರದ್ದೋ?” ಎಂದು ಕೇಳಿದರು. “ಇದರದ್ದೇ” ಎಂದೆವು ಇಬ್ಬರೂ ಒಟ್ಟಿಗೆ, ತುಂಬಾ ಬೇಗ.

ಮುಂದಿನ ಭಾನುವಾರ ಪರದೆ ಪೂರ್ತಿ ಕಪ್ಪು. ಮಾವ ಟಾರ್ಚ್ ತಂದರು. ಡಾಕ್ಟರು ರೋಗಿಯ ಕಣ್ಣಿಗೆ ಬೆಳಕು ಬಿಡುವ ಹಾಗೆ ಪರದೆಗೆ ಓರೆಯಾಗಿ ಹಿಡಿದು ಬಗ್ಗಿ ನೋಡಿ, “ಒಳಗಿದೆ ಕಣೇ! ಎಲ್ಲಾ ಒಳಗಿದೆ! ದೀಪ ಮಾತ್ರ ಹೋಗಿದೆ!” ಎಂದು ಕೂಗಿದರು. ನಾನೂ ಬಗ್ಗಿದೆ. ಆ ಕತ್ತಲೆಯ ತಳದಲ್ಲಿ ನೆರಳುಗಳ ಹಾಗೆ ಸಣ್ಣ ಸಣ್ಣ ಚಿತ್ರಗಳು ಕೂತಿದ್ದವು. ಬಾವಿಯಲ್ಲಿ ಇಣುಕಿದ ಹಾಗಾಯಿತು. “ಒಳಗಿದೆ” ಎಂದೆ, ಪದ್ಧತಿಯಂತೆ.

ಚಿಪ್ಪಿನ ಬೆಸುಗೆ ಸಡಿಲವಾಗಿರಬೇಕು, ಬಿಸಿ ಕೊಟ್ಟರೆ ಕೂರುತ್ತದೆ ಎಂದು ಅದ್ಯಾವನೋ ಇಂಟರ್‌ನೆಟ್ಟಿನಲ್ಲಿ ಬರೆದಿದ್ದನಂತೆ. ಸರಿ, ಶಿವಾಜಿನಗರದ ಸಂದಿಗೆ ಹೋಗಿ ಮೊಬೈಲ್ ರಿಪೇರಿಯವರು ಬಳಸುವ ಬಿಸಿಗಾಳಿ ಗನ್ ಕೊಂಡದ್ದಾಯಿತು. “ದೇಖೋ ಸಾಬ್, ಇದು ಮೊಬೈಲ್‌ಗೆ. ಲ್ಯಾಪ್‌ಟಾಪ್‌ಗೆ ಹೊಡೆದ್ರೆ ಖತಂ” ಎಂದ ಅಂಗಡಿಯವನು. “ಲ್ಯಾಪ್‌ಟಾಪ್ ಖತಮ್ಮಾ?” ಎಂದೆ ನಾನು. ಅವನು ಮಾವನನ್ನು ಮೇಲಿಂದ ಕೆಳಗೆ ನೋಡಿ ಗನ್ನನ್ನು ಪೊಟ್ಟಣ ಕಟ್ಟಿದ.

ಅತ್ತೆ ಹಲಸೂರಿನ ತಂಗಿಯ ಮನೆಗೆ ಹೋಗಿದ್ದ ದಿನ ಶಸ್ತ್ರಚಿಕಿತ್ಸೆ. ಬಟ್ಟೆ ಹಾಸಿದ್ದಾಯಿತು. ಮೊದಲು ಬಿಚ್ಚಿದ್ದು ಬ್ಯಾಟರಿ.

“ಬ್ಯಾಟರಿ ತೆಗೆದೆ!”

“ತೆಗೆದಿರಿ.”

ಅದು ಸಾಲಿನ ಮೊದಲಲ್ಲಿ, ಅವರ ಬಲಗೈ ಪಕ್ಕದಲ್ಲೇ ಕೂತಿತು. ಆಮೇಲೆ ಕೀಬೋರ್ಡು, ಫ್ಯಾನು, ತಿರುಪುಗಳು. ಗನ್ನು ಗುಂಯ್ ಎಂದಿತು. ಬಿಸಿಗಾಳಿ ಬೋರ್ಡಿಗೆ ತಾಗುವ ಮುಂಚೆ ಬಟ್ಟೆಯ ಅಂಚು ಹಾರಾಡುವುದು ಕಂಡಿತು.

“ಮಾವ, ಗಾಳಿ ಬ್ಯಾಟರಿ ಮೇಲೆ ಹೋಗ್ತಿದೆ. ಆ ಕಡೆ ಎತ್ತಿಡ್ತೀನಿ.”

“ಸಾಲು ಮುಟ್ಬೇಡ!”

“ಮಾವ, ಅದು ಉಬ್ತಿದೆ...”

“ಸಾಲು ಕೆಟ್ಟರೆ ವಿಮಾನ ಬೀಳತ್ತೆ ಕಣೇ!”

ರಾಮಮೂರ್ತಿ ನಗರದ ಊಟದ ಮೇಜಿನ ಮೇಲಿಂದ ಯಾವ ವಿಮಾನ ಎಲ್ಲಿಗೆ ಬೀಳಬೇಕಿತ್ತೋ! ಅಷ್ಟರಲ್ಲಿ ‘ಉಸ್ಸ್’ ಎಂದಿತು. ಹಾವಿನ ಉಸಿರಿನಂಥ ಸದ್ದು. ಬಿಳಿ ಹೊಗೆ, ಸಿಹಿಯೂ ಕಟುವೂ ಆದ ವಾಸನೆ, ಆಮೇಲೆ ಬತ್ತಿಯಂತೆ ನೆಟ್ಟಗೆ ಚಿಮ್ಮಿದ ಬೆಂಕಿ. ಮೇಜಿನ ಆಚೆ ಅತ್ತೆಯ ಹಳೆಯ ಪೇಪರುಗಳ ರಾಶಿ, ಅದರ ಮೇಲೆ ಕಿಟಕಿಯ ಪರದೆ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಮಾವ ಅಡುಗೆಮನೆಯಿಂದ ಇಕ್ಕಳ ತಂದು, ಉರಿಯುತ್ತಿದ್ದ ಬ್ಯಾಟರಿಯನ್ನು ಹಿಡಿದು, ಹೊಗೆಯ ಜೊತೆಗೇ ಹೊರಗೆ ಓಡಿದರು. ಅದು ಅವರ ಕೈಯಲ್ಲೇ ಇನ್ನೊಮ್ಮೆ ಸಿಡಿಯಿತು. ಅವರ ಮುಖ ಬೆಂಕಿಯ ಹಿಂದೆ ಮಾಯವಾದ ಆ ಕ್ಷಣ ಇದೆಯಲ್ಲ, ಅದು ನನ್ನೊಳಗೆ ಈಗಲೂ ಮುಗಿದಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳಿನಲ್ಲಿ ಅದನ್ನು ಹೂತು, ಕೆಮ್ಮುತ್ತಾ ನಿಂತು, ಅವರು ಹೇಳಿದ್ದೇನು ಗೊತ್ತೇ?

“ಆರಿತು!”

“ಆ... ಆರಿತು” ಎಂದೆ.

ಅವರ ಎಡಗಡೆಯ ಹುಬ್ಬು ಇರಲಿಲ್ಲ! ಸೋಪಿನಿಂದ ಒರೆಸಿ ತೆಗೆದ ಹಾಗೆ ನುಣ್ಣಗೆ. ಕಣ್ಣಿಗೂ ಅದಕ್ಕೂ ಎಷ್ಟು ದೂರ? ನನ್ನ ಕಿರುಬೆರಳಿನಷ್ಟೂ ಇಲ್ಲ. ಒಬ್ಬರ ಕಣ್ಣಿಗಾಗಿ ಶುರುವಾದ ಕೆಲಸ ಇನ್ನೊಬ್ಬರ ಕಣ್ಣು ತಿನ್ನುವುದರಲ್ಲಿತ್ತು.

“ನಿಮ್ಮತ್ತೆಗೆ ಹೇಳಿದ್ರೆ ನೋಡು” ಎಂದರು ಮಾವ.

“ಮುಖ ನೋಡಿದ್ರೆ ಗೊತ್ತಾಗಲ್ವಾ?”

ಮಾವ ಹುಬ್ಬಿನ ಜಾಗವನ್ನು ಸವರಿಕೊಂಡು, “ಕಾಣಲ್ಲ ಕಣೇ ಅವಳಿಗೆ” ಎಂದರು. ವಾಸನೆಗೆ ಹಾಲು ಸೀದುಹೋಯಿತೆಂಬ ಸುಳ್ಳನ್ನು ಗೊತ್ತು ಮಾಡಿಕೊಂಡೆವು. ಅತ್ತೆ ಸಂಜೆ ಬಂದು ನಂಬಿದರು. ಅವರು ಹಾಗೆ ನಂಬಿದ್ದು ಬೆಂಕಿಗಿಂತ ಹೆಚ್ಚು ಹೆದರಿಸಿತು.

ಇಷ್ಟೆಲ್ಲ ಆದಮೇಲೆ ತಿಳಿದದ್ದು, ಬೆಸುಗೆ ಸರಿಯಾಗಿಯೇ ಇತ್ತು! ಚಿಪ್ಪನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶಕ್ಕೆ ಗೊತ್ತಿದ್ದ ಚಿಪ್ಪುಗಳಲ್ಲಿ ನಮ್ಮದರ ಗುರುತು ಸೇರಿರಲಿಲ್ಲ, ಅಷ್ಟೇ. ಮಾವ ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿ, ಬೇರೊಂದು ಮಾನಿಟರಿಗೆ ತಗಲಿಸಿಕೊಂಡು, ಆ ಗುರುತನ್ನು ಒಂದು ಫೈಲಿನಲ್ಲಿ ಟೈಪ್ ಮಾಡಿದರು. ನಾನು ಒಂದೊಂದು ಅಕ್ಷರವನ್ನೂ ತಿರುಗಿ ಹೇಳಿದೆ. ಮತ್ತೆ ಶುರು ಮಾಡಿದಾಗ ಗೆರೆಗಳಿಲ್ಲ, ಕತ್ತಲೆ ಇಲ್ಲ. ಗಾಲಿ ತಿರುಗಿಸಿದರೆ ಬೆಣ್ಣೆ!

ಅತ್ತೆಯನ್ನು ಕರೆದು ಕೂರಿಸಿ ಕನ್ನಡ ಪೇಪರ್ ತೆರೆದೆವು. ಪುಟದ ತುಂಬ ಖಾಲಿ ಚೌಕಗಳು. ನಾವು ಹಾಕಿದ್ದ ಹಳೆಯ ಮ್ಯಾಕಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ! ಇಬ್ಬರಲ್ಲಿ ಒಬ್ಬರಿಗಾದರೂ ಅದು ಹೊಳೆಯಬಾರದೇ?

“ಚೌಕ ಮಾತ್ರ ಚೆನ್ನಾಗಿ ಕಾಣ್ತಿದೆ ರೀ” ಎಂದರು ಅತ್ತೆ, ಮಾವನಿಗೆ ಬೇಜಾರಾಗದಿರಲೆಂದು.

“ಫಾಂಟ್ ನಾಳೆ ಹಾಕ್ತೀನಿ. ಇವತ್ತು ಬೇರೇನಾದ್ರೂ ನೋಡು” ಎಂದು ಮಾವ ಗಡಿಬಿಡಿಯಲ್ಲಿ ಏನನ್ನೋ ಒತ್ತಿದರು. ಲ್ಯಾಪ್‌ಟಾಪಿನ ಕ್ಯಾಮರಾ ತೆರೆದುಕೊಂಡು, ಪರದೆಯ ಮೇಲೆ ಮಾವನ ಮುಖವೇ ಬಂತು. ನಾನು ತಡೆಯುವಷ್ಟರಲ್ಲಿ ಅತ್ತೆ ಗಾಲಿ ತಿರುಗಿಸಿಬಿಟ್ಟರು. ಮುಖ ಬೆಳೆಯಿತು, ಬೆಳೆಯಿತು. ಮೂಗು, ಕಣ್ಣು, ಹಣೆ. ಅತ್ತೆಯ ಬೆರಳು ಪರದೆಯ ಮೇಲೆ ಮೆಲ್ಲಗೆ ಹರಿದು ಒಂದು ಕಡೆ ನಿಂತಿತು.

“ಅವತ್ತು ಸೀದಿದ್ದು ಹಾಲಲ್ಲ” ಎಂದರು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಮರಳಿನಡಿ ಇದ್ದದ್ದರಿಂದ ಲ್ಯಾಪ್‌ಟಾಪೂ ತಕ್ಷಣ ಸತ್ತಿತು. ಅತ್ತೆಯ ಬೆರಳು ಕಪ್ಪಾದ ಪರದೆಯನ್ನು ಬಿಟ್ಟು, ತಡವಿಕೊಂಡು, ಪಕ್ಕದಲ್ಲಿದ್ದ ನಿಜವಾದ ಮುಖಕ್ಕೆ ಬಂತು. ಆ ನುಣ್ಣನೆಯ ಜಾಗದ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಯಿತು.

“ಎಡಗಡೆ ಹುಬ್ಬಿಲ್ಲ” ಎಂದರು ಅತ್ತೆ. “ಕಣ್ಣಿದೆ.”

ಮಾವ ಅವರ ಕೈಯನ್ನು ಅಲ್ಲೇ ಒತ್ತಿ ಹಿಡಿದುಕೊಂಡರು.

“ಕಣ್ಣಿದೆ” ಎಂದೆ ನಾನು, ಪದ್ಧತಿಯಂತೆ.