ಒಣಗಣ್ಣಿನವರ ಸಹವಾಸ

ಕಣ್ಣಿನ ದವಾಖಾನೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಧಾರವಾಡದ ನಮ್ಮ ಮಂದಿ ಕೇಳುತ್ತಾರೆ. ವಾರಕ್ಕೊಂದಾದರೂ ತಪ್ಪುವುದಿಲ್ಲ ಎಂದರೆ ನಂಬುವುದಿಲ್ಲ. ಪಣಜಿಯ ಒಂದು ಸಣ್ಣ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. ನಮ್ಮ ಡಾಕ್ಟರಮ್ಮನನ್ನು ಎಲ್ಲರೂ ಬಾಯಿಯವರು ಎನ್ನುತ್ತಾರೆ; ಅವರು ಕೊಂಕಣಿಯವರು, ಕನ್ನಡ ಬಾರದು. ಕನ್ನಡದವರು ಬಂದರೆ ನಡುವೆ ನಿಂತು ಮಾತು ದಾಟಿಸುವುದೂ ನನ್ನದೇ ಕೆಲಸ. ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಡಬೇಕೆಂದು ಬಂದವರ ಕಣ್ಣು ಒಣಗಿದ್ದರೆ ಬಾಯಿಯವರು, ಮೊದಲು ಅದಕ್ಕೆ ಔಷಧ, ಲೇಸರ್ ಮಾತು ಆಮೇಲೆ ಎಂದು ವಾಪಸು ಕಳಿಸಿಬಿಡುತ್ತಾರೆ. ಬಾಗಿಲಿಗೆ ಬಂದವರನ್ನು ಹಾಗೆ ತಿರುಗಿಸಿ ಕಳಿಸುವ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ.

ಕಾಗದದ ಸಾಕ್ಷಿ

ಬೆಳಗಾವಿಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟ ಸಾವಕಾರರೊಬ್ಬರು ಲೇಸರಿಗೆಂದು ಬಂದರು. ಜೊತೆಗೆ ಹೆಂಡತಿ. ದಿನವಿಡೀ ಎಸಿ ಗಾಳಿ, ಕೈಯಲ್ಲಿ ಮೊಬೈಲು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಕಣ್ಣಿನ ಕೆಳರೆಪ್ಪೆಗೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಅದು ಎಷ್ಟು ತೊಯ್ಯುತ್ತದೆ ಎಂದು ನೋಡುವ ಪರೀಕ್ಷೆ ಮಾಡಿದೆ. ಪಟ್ಟಿ ಹಾಕಿದಾಗ ಹೇಗಿತ್ತೋ ತೆಗೆದಾಗಲೂ ಹಾಗೇ ಇತ್ತು. ಕಣ್ಣೀರು ಭಾಳ ಕಡಿಮೆ, ಈಗಲೇ ಲೇಸರ್ ಆಗದು ಎಂದೆ. ಸಾವಕಾರರ ಮುಖ ಸಣ್ಣದಾಯಿತು.

ಹೆಂಡತಿ ಆ ಪಟ್ಟಿ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಹದಿನೆಂಟ ವರ್ಷದಿಂದ ಹೇಳಾಕತ್ತೇನ್ರಿ, ಈ ಮನಷ್ಯಾಗ ಕಣ್ಣೀರ ಇಲ್ಲಂತ. ಯಾರೂ ನಂಬಲಿಲ್ಲ. ಇದನ್ನ ನಾ ಒಯ್ತೇನಿ, ನಮ್ಮತ್ತಿಯವರಿಗೆ ತೋರಸೂದೈತಿ."

ಹೋಟೆಲಿನ ಪದ್ಧತಿ

ವಾಳಪೈಯ ಹುಡುಗಿಯೊಬ್ಬಳು ಇಲ್ಲೊಂದು ಹೋಟೆಲಿನ ಸ್ವಾಗತ ಮೇಜಿನಲ್ಲಿದ್ದಳು. ಕಂಪ್ಯೂಟರ್ ನೋಡುತ್ತ ರೆಪ್ಪೆ ಬಡಿಯುವುದನ್ನೇ ಮರೆತು ಕಣ್ಣು ಒಣಗಿಸಿಕೊಂಡಿದ್ದಳು. ಆಗಾಗ ಎರಡೂ ಕಣ್ಣು ಪೂರ್ತಿ ಮುಚ್ಚಿ, ಮೂರು ಎಣಿಸಿ ತೆರೆಯಬೇಕು ಎಂದು ಬಾಯಿಯವರು ಹೇಳಿದರು. ಹುಡುಗಿ ಭಾಳ ನಿಷ್ಠೆಯವಳು. ಎದುರಿಗೆ ಯಾರಿದ್ದರೂ ಬಿಡಲಿಲ್ಲ.

ಒಂದು ದಿನ ಪರದೇಶದ ಮುದುಕರೊಬ್ಬರು ಕೋಣೆಯ ಚಾವಿ ಇಸಿದುಕೊಳ್ಳುವಾಗ ಇವಳು ಕಣ್ಣು ಮುಚ್ಚಿದಳಂತೆ. ಇದು ಇಲ್ಲಿಯ ಪದ್ಧತಿ ಇರಬೇಕೆಂದು ಅವರೂ ಗಂಭೀರವಾಗಿ ಕಣ್ಣು ಮುಚ್ಚಿ, ಕೈ ಮುಗಿದರಂತೆ. ಅವರನ್ನು ನೋಡಿ ಹಿಂದೆ ನಿಂತವರೂ ಮುಚ್ಚಿದರು. ಮರುತಿಂಗಳು ಕಣ್ಣು ತೋರಿಸಲು ಬಂದಾಗ ಆಕೆಯ ಕಣ್ಣು ಎಷ್ಟೋ ಸುಧಾರಿಸಿತ್ತು. ಆದರೆ ಆಕೆಗೆ ರಜೆ ಇದ್ದ ದಿನ ಬದಲಿಗೆ ಕೂತವನ ಮೇಲೆ ದೂರು ಬಂತಂತೆ: ಅವನು ಪ್ರಾರ್ಥನೆ ಮಾಡದೆ ಚಾವಿ ಕೊಟ್ಟನೆಂದು.

ಗೋಡೆ ಕಟ್ಟುವಾಕಿ

ಇಲ್ಲೇ ಹತ್ತಿರದ ಕೊರ್ತಾಲಿಮ್‌ನಿಂದ ಬಂದ ಈ ಹೆಣ್ಣುಮಗಳನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಹುಟ್ಟೂರು ವಿಜಯಪುರದ ಕಡೆ. ತಲೆಯ ಮೇಲೆ ಬುಟ್ಟಿ ಹೊರುತ್ತ ಹೊರುತ್ತಲೇ ಗಾರೆ ಮೆತ್ತುವ ಕರಣಿ ಹಿಡಿಯುವುದು ಕಲಿತು, ಗಂಡಸರ ಸಾಲಿನಲ್ಲಿ ನಿಂತು ಗವಂಡಿ ಕೆಲಸ ಮಾಡುತ್ತಿದ್ದಳು. ತೊಂದರೆ ಕನ್ನಡಕದ್ದು. ಬೆವರಿಗೆ ಜಾರುತ್ತಿತ್ತು, ಮೇಲೆ ಸರಿಸೋಣವೆಂದರೆ ಕೈತುಂಬ ಸಿಮೆಂಟು. ಒಮ್ಮೆ ಅಟ್ಟಣಿಗೆಯ ಮೇಲೆ ಹೆಜ್ಜೆ ತಪ್ಪಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ಮೇಸ್ತ್ರಿ ಆಕೆಯ ಕೈಯಿಂದ ಕರಣಿ ಕಸಿದು ಮತ್ತೆ ಬುಟ್ಟಿ ಕೊಟ್ಟ.

ಲೇಸರಿಗೆಂದು ಬಂದ ಆಕೆಯ ಕಣ್ಣನ್ನೂ ಬಾಯಿಯವರು ನೋಡಿ ಈಗ ಬೇಡ ಎಂದರು. ಸಿಮೆಂಟು ಧೂಳಿಗೆ ಪೂರಾ ಒಣಗಿತ್ತು. ಆಕೆ ವಾದಿಸಲಿಲ್ಲ. ಏನೇನು ಮಾಡಬೇಕು ಎಂದು ಎರಡು ಸಲ ಕೇಳಿ ತಿಳಿದುಕೊಂಡಳು. ನಾಲ್ಕು ತಿಂಗಳು ಒಂದು ಹೊತ್ತು ತಪ್ಪದಂತೆ ಹನಿ ಔಷಧ, ಬೆಚ್ಚನೆ ಬಟ್ಟೆಯ ಶಾಖ, ಧೂಳಿನಲ್ಲಿ ಕಣ್ಣಿನ ಸುತ್ತ ಮುಚ್ಚುವ ಕನ್ನಡಕ. ಐದನೆಯ ತಿಂಗಳು ನನ್ನ ಕಾಗದದ ಪಟ್ಟಿ ಚಲೋ ತೊಯ್ದಿತು. ಬಾಯಿಯವರು ಎದ್ದು ಆಕೆಯ ಬೆನ್ನು ತಟ್ಟಿದರು.

ಆಪರೇಶನ್ ದಿನ ಬಾಯಿಯವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ಹಸಿರು ಬೆಳಕನ್ನೇ ನೋಡಬೇಕು, ಅಲ್ಲಾಡಬಾರದು. ಎಂಥೆಂಥ ಗಟ್ಟಿ ಗಂಡಸರು ಆ ಮೇಜಿನ ಮೇಲೆ ನಡುಗಿದ್ದನ್ನು ಕಂಡಿದ್ದೇನೆ. ಈಕೆ ಕಲ್ಲಿನಂತೆ ಮಲಗಿದಳು. ಕೆಲಸ ಮುಗಿಯಿತು, ದೀಪ ಆರಿತು, ಬಾಯಿಯವರು ಕೈ ತೊಳೆದು ಬಂದರು. ಈಕೆ ಮಾತ್ರ ಅಲ್ಲಾಡಲೇ ಇಲ್ಲ. ನರ್ಸು ಗಾಬರಿಯಾಗಿ ನಾಡಿ ಹಿಡಿದಳು. ಆರಾಮ ಇದ್ದೀರಾ ಎಂದು ನಾನು ಕೇಳಿದೆ.

"ಆರಾಮ ಅದೀನ್ರಿ. ಅಲ್ಲಾಡು ಅಂತ ನೀವ ಇನ್ನೂ ಹೇಳಿಲ್ಲಲ್ಲ."

ತಿಂಗಳಾದ ಮೇಲೆ ತೋರಿಸಲು ಬಂದಾಗ ಕೆಲಸದ ಚೀಲ ಹೆಗಲಲ್ಲೇ ಇತ್ತು. ಕರಣಿ ತಿರುಗಿ ಕೈಗೆ ಬಂದಿತ್ತು. ಕುರ್ಚಿಯಲ್ಲಿ ಕೂರಿಸಿ ಎದುರಿನ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ತಖ್ತೆ ತೋರಿಸಿದೆ. ತೀರ ಕೆಳಗಿನ ಸಾಲಿನ ಗುರುತುಗಳನ್ನೂ ಸರಸರ ಹೇಳಿದಳು. ಬಾಯಿಯವರು ಭಾಳ ಸಂತೋಷಪಟ್ಟು, ಮತ್ತೇನು ಕಾಣುತ್ತದೆ ಕೇಳು ಎಂದು ನನಗೆ ಹೇಳಿದರು. ಆಕೆ ಸ್ವಲ್ಪ ಹೊತ್ತು ನೋಡಿ, ಸಂಕೋಚದಿಂದ ಹೇಳಿದಳು: "ಗ್ವಾಡಿ ಎಡಕ್ಕ ವಾಲೇತ್ರಿ."

ಅಷ್ಟು ವರ್ಷದಿಂದ ಆ ಗೋಡೆಯ ಮುಂದೆ ಕೂತು ಊರಿನವರ ದೃಷ್ಟಿ ಅಳೆದವರು ನಾವು. ಸಾಧ್ಯವೇ ಇಲ್ಲ ಎಂದೆವು. ಆಕೆ ಚೀಲದಿಂದ ದಾರ ಕಟ್ಟಿದ ತೂಕದ ಗುಂಡು ತೆಗೆದು ಗೋಡೆಯ ಅಂಚಿಗೆ ಇಳಿಬಿಟ್ಟಳು. ಕೆಳಗೆ ಒಂದು ಬೆರಳು ಹೋಗುವಷ್ಟು ಸಂದು. ಬಾಯಿಯವರು ತಮ್ಮ ದಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬಗ್ಗಿ ನೋಡಿದರು. ತಮಗೆ ಇನ್ನೂ ನೆಟ್ಟಗೇ ಕಾಣುತ್ತದೆ ಎಂದರು.

ಆಕೆ ನನ್ನ ಹತ್ತಿರ ಸರಿದು, ಬಾಯಿಯವರಿಗೆ ಕೇಳಿಸದಂತೆ, ಮರುಕದಿಂದ ಕೇಳಿದಳು:

"ಪಾಪ, ಬಾಯಾರ ಕಣ್ಣ ಯಾರ ನೋಡ್ತಾರ್ರಿ?"