ಬೇಸ್ ಗಿಟಾರೂ ಅಕೌಂಟೆಂಟರ ಎಡಗೈಯೂ

ಬೇಸ್ ಗಿಟಾರ್ ಹೆಗಲಿಗೇರಿಸಿದವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ವಿಳಾಸ ಕೇಳಿಕೊಂಡು ತಾನಾಗಿಯೇ ಬರುತ್ತಿರುತ್ತದೆ. ಬೇರೆ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಕಂಡವರೆಲ್ಲ "ಇನ್ನೆರಡು ಯಾವಾಗ ಹರಿದು ಹೋದವು?" ಎನ್ನುತ್ತಾರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ರುಮೈಥಿಯಾದಲ್ಲಿ ಪರದೆ, ಗಾದಿ, ಸೋಫಾ ಬಟ್ಟೆಯ ಅಂಗಡಿ ಇಟ್ಟು ತಲೆ ನರೆತವನು ನಾನು. ಗಿರಾಕಿಯ ಮಾತಿಗೆಲ್ಲ ಮುಖ ಸಣ್ಣ ಮಾಡುವವನಾಗಿದ್ದರೆ ಕುವೈತಿನ ಮೊದಲ ಬೇಸಿಗೆಗೇ ಶಟರ್ ಎಳೆದು ಊರಿಗೆ ಹೋಗಿರುತ್ತಿದ್ದೆ.

ನಮ್ಮದು ನಾಲ್ಕು ಜನರ ಹವ್ಯಾಸಿ ಬ್ಯಾಂಡು. ಹಾಡುವುದೂ ಗಿಟಾರ್ ಬಾರಿಸುವುದೂ ಆಸ್ಪತ್ರೆಯೊಂದರ ಫಾರ್ಮಸಿಸ್ಟ್. ಕೀಬೋರ್ಡಿಗೆ ಅವನ ಊರಿನವರೇ ಆದ ಅಕೌಂಟೆಂಟರು; ಇಬ್ಬರೂ ಮಂಗಳೂರು ಕಡೆಯ ಕೊಂಕಣಿಯವರು. ಡ್ರಮ್ಸಿಗೆ ಗದಗಿನ ಎ.ಸಿ. ಟೆಕ್ನಿಶಿಯನ್. ಬೇಸಿಗೆ ನಾನು. ಹಾಡನ್ನು ಕಿವಿ ಕೇಳುತ್ತದೆ, ಬೇಸನ್ನು ಕಾಲು ಕೇಳುತ್ತದೆ ಎಂಬುದು ನನ್ನ ನಂಬಿಕೆ. ಅಕೌಂಟೆಂಟರ ನಂಬಿಕೆ ಬೇರೆ.

"ಕೀಬೋರ್ಡಿನ ಎಡಗಡೆಯಲ್ಲೇ ಬೇಸ್ ಉಂಟು ಮಾರಾಯ್ರೆ. ನನ್ನ ಎಡಗೈ ಸಾಕು. ಒಂದೇ ಕೆಲಸಕ್ಕೆ ಇಬ್ಬರು ಯಾಕೆ?"

ಫಾರ್ಮಸಿಸ್ಟನ ಅಕ್ಕ-ಭಾವನ ಮದುವೆಯ ಬೆಳ್ಳಿಹಬ್ಬಕ್ಕೆ ನಾವೇ ಬಾರಿಸುವುದೆಂದು ನಿಶ್ಚಯವಾದಾಗ ಅಕೌಂಟೆಂಟರು ಷರತ್ತನ್ನೇ ಹಾಕಿಬಿಟ್ಟರು. "ಆ ದಿನ ನಿಮ್ಮ ಬೇಸ್ ಜನರಿಗೆ ಸರಿಯಾಗಿ ಕೇಳಿಸಬೇಕು. ಇಲ್ಲದಿದ್ರೆ ಆಮೇಲಿಂದ ನೀವು ಮೈಕ್ ಹಿಡಿದು ಸ್ವಾಗತ ಹೇಳಿ, ಸಾಕು. ಬೇಸ್ ನಾನು ನೋಡಿಕೊಳ್ತೇನೆ."

ನಾನು ಒಪ್ಪಿದೆ. ಮಾಲು ಒಳ್ಳೆಯದಿದ್ದರೆ ಷರತ್ತಿಗೆ ಯಾಕೆ ಹೆದರಬೇಕು? ಮಾಲು ಇನ್ನೂ ಒಳ್ಳೆಯದಾಗಿರಲಿಲ್ಲ ಎನ್ನುವುದು ಬೇರೆ ವಿಷಯ.

ಮೂರನೇ ಮಹಡಿಯ ಅಭಿಪ್ರಾಯ

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಮಹಬೂಲಾದ ಫಾರ್ಮಸಿಸ್ಟನ ಫ್ಲ್ಯಾಟಿನಲ್ಲಿ ನಮ್ಮ ಪ್ರಾಕ್ಟೀಸು. ಐದನೇ ಮಹಡಿ, ಸಣ್ಣ ಹಾಲ್. ನನ್ನ ಸ್ಪೀಕರ್ ಪೆಟ್ಟಿಗೆಯನ್ನು ಯಾರ ಕಾಲಿಗೂ ಸಿಗದ ಹಾಗೆ ಮೂಲೆಗೆ ತಳ್ಳಿ, ಅದರ ಪಕ್ಕದಲ್ಲೇ ನಿಂತು ಬಾರಿಸುತ್ತಿದ್ದೆ. ನನಗೇ ಕೇಳಿಸುತ್ತಿರಲಿಲ್ಲ. ವಾಲ್ಯೂಮ್ ಏರಿಸಿದೆ. ಆಗಲೂ ಇಲ್ಲ. ಇನ್ನಷ್ಟು ಏರಿಸಿದೆ.

ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಕಟ್ಟಡದ ಕಾವಲುಗಾರ, ಈಜಿಪ್ಟಿನವನು. ಹಾರಿಸ್ ಎಂದೇ ಎಲ್ಲರೂ ಕರೆಯುವುದು.

"ಯಾ ಜಮಾಅ, ಎಲ್ಲರೂ ಕೇಳಿ, ಮೂರನೇ ಮಹಡಿಯವರ ಕಪಾಟಿನೊಳಗೆ ಚಹಾ ಕಪ್ಪುಗಳು ಕುಣಿಯುತ್ತಿವೆಯಂತೆ. ಲಿಫ್ಟ್ ಕೆಟ್ಟಿದೆಯಾ ಎಂದು ಕೇಳುತ್ತಿದ್ದಾರೆ" ಎಂದ.

ನನಗೆ ಅಷ್ಟೇ ಸಾಕಾಯಿತು. "ಅಲ್ಲಿಗೆ ಕೇಳಿಸುತ್ತದಾ? ಹೇಗೆ ಕೇಳಿಸುತ್ತದೆ?"

"ವಲ್ಲಾ, ಇಲ್ಲಿಗಿಂತ ಚೆನ್ನಾಗಿ."

ಗುಟ್ಟು ಆಮೇಲೆ ತಿಳಿಯಿತು. ತಗ್ಗು ಸ್ವರ ಪೆಟ್ಟಿಗೆಯ ಬುಡದಲ್ಲಿ ನಿಂತವನ ಕಿವಿಗಿಂತ ನೆಲಕ್ಕೇ ಮೊದಲು ಸಿಗುತ್ತದೆ, ಗೋಡೆಯ ಮೂಲೆಗೆ ಸಿಕ್ಕಿದರಂತೂ ಗುಂಯ್ ಎಂದು ಊದಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು, ಸ್ಟೂಲಿನ ಮೇಲಿಟ್ಟು, ನಾನು ನಾಲ್ಕು ಹೆಜ್ಜೆ ದೂರ ನಿಂತೆ. ಅರ್ಧ ವಾಲ್ಯೂಮಿನಲ್ಲೇ ಕೇಳತೊಡಗಿತು. ಅಲ್ಲಿಯವರೆಗೆ ನನ್ನ ಬೇಸಿಗೆ ಇದ್ದ ಶ್ರೋತೃಗಳೆಂದರೆ ಮೂರನೇ ಮಹಡಿಯ ಆ ಒಂದು ಸಂಸಾರ. ಅವರೂ ದೂರು ಕೊಡಲು ಕೇಳುತ್ತಿದ್ದವರು.

ಅಂಗಡಿಯವನಿಗೆ ಅಂಗಡಿಯವ

ಸ್ವರ ಇನ್ನೂ ತೆಳುವಾಗಿದೆ ಅನಿಸಿ ಸಾಲ್ಮಿಯಾದ ವಾದ್ಯದಂಗಡಿಗೆ ಹೋದೆ. ಲೆಬನಾನಿನ ಸೇಲ್ಸ್‌ಮನ್. ಕಾಲಲ್ಲಿ ಒತ್ತುವ ಒಂದು ಪುಟ್ಟ ಡಬ್ಬಿ ತಂದ. "ಹಬೀಬಿ, ಇದನ್ನು ಹಾಕಿದರೆ ನಿನ್ನ ಬೇಸು ಸಿಂಹ."

ಹಾಕಿದ, ಬಾರಿಸಿದ. ಸಿಂಹವೇ. ಗಾಜಿನ ಕೋಣೆ, ಆಳೆತ್ತರದ ಸ್ಪೀಕರ್, ಪಕ್ಕದಲ್ಲಿ ಒಂದು ಡೋಲಕ್ಕಿನ ಸದ್ದೂ ಇಲ್ಲ. ಅಂಥ ಕಡೆ ಬೆಕ್ಕೂ ಸಿಂಹವೇ.

"ಈಗ ಒಬ್ಬ ಡ್ರಮ್ಸ್ ಬಾರಿಸಲಿ, ಇನ್ನೊಬ್ಬ ಗಿಟಾರ್ ಬಾರಿಸಲಿ. ಅವರ ನಡುವೆ ಇದನ್ನು ಕೇಳಿಸು" ಎಂದೆ.

ಅವನ ನಗು ಸ್ವಲ್ಪ ತಗ್ಗಿತು. ಆದರೂ ಸೋಲೊಪ್ಪುವ ಆಸಾಮಿಯಲ್ಲ, ಅಂಗಡಿಯ ಇನ್ನಿಬ್ಬರನ್ನು ಕೂಡಿಸಿಕೊಂಡು ಬಾರಿಸಿಯೇಬಿಟ್ಟ. ಸಿಂಹ ಎಲ್ಲಿ ಅಡಗಿತೋ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಡಬ್ಬಿಯನ್ನು ಬಿಚ್ಚಿಸಿದೆ. ಆಂಪ್ಲಿಫೈಯರಿನಲ್ಲಿ ತಗ್ಗು ಸ್ವರದ ತಿರುಪನ್ನು ಇಳಿಸಿ, ನಡುವಿನದನ್ನು ಏರಿಸಿದೆ. ಒಂಟಿಯಾಗಿ ಕೇಳಿದರೆ ತಗಡಿನ ಸದ್ದು. ಮೂವರೂ ಕೂಡಿ ಬಾರಿಸುವಾಗ ಕೇಳಿದರೆ ಒಂದೊಂದು ಸ್ವರವೂ ಬಿಡಿಬಿಡಿ.

ಸೇಲ್ಸ್‌ಮನ್ ನನ್ನನ್ನೇ ನೋಡಿದ. "ನಿನ್ನದೇನು ಕೆಲಸ?"

"ಪರದೆ ಮಾರುತ್ತೇನೆ. ಸಾದಾ ಬಟ್ಟೆಯನ್ನೂ ಹಳದಿ ದೀಪದ ಕೆಳಗೆ ಹಿಡಿದು ರೇಷ್ಮೆ ಮಾಡುತ್ತೇನೆ."

"ಯಾ ಅಖೀ, ಬಾಗಿಲಲ್ಲೇ ಹೇಳಬಾರದಿತ್ತಾ? ಸುಮ್ಮನೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು."

ಗಿಟಾರಿಗೂ ಗಾದಿ

ನಾನು ಮೀಟಿದ ಸ್ವರ ನಿಲ್ಲದೆ ಎಳೆಯುತ್ತಿತ್ತು. ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತಿತ್ತು. ಅಂಗಡಿಯಲ್ಲಿ ಸೋಫಾದ ಫೋಮ್ ತುಂಡುಗಳಿಗೇನು ಬರ. ಬೆರಳಗಲ ಕತ್ತರಿಸಿ ತಂತಿಗಳ ಬುಡದಲ್ಲಿ ತೂರಿಸಿದೆ. ಸ್ವರ ಗಿಡ್ಡವಾಯಿತು, ದುಂಡಗಾಯಿತು. ಡ್ರಮ್ಸಿನ ದೊಡ್ಡ ಪೆಟ್ಟಿನ ಜೊತೆ ಸರಿಯಾಗಿ ಕೂತಿತು.

ಡ್ರಮ್ಸಿನವನು ಬಗ್ಗಿ ನೋಡಿದ. "ಏನ್ರೀ ಸಾವ್ಕಾರ್ರ, ಗಿಟಾರಿಗೂ ಗಾದಿ ಹಾಸೀರಿ?"

"ಹೂಂ. ಹೇಗಿದೆ?"

"ಭಾರಿ ಐತ್ರಿ. ಆದ್ರ ನಂದೊಂದು ಅರ್ಜಿ. ಮೂರು ವರ್ಷದಿಂದ ನಾನು ಕುಂದ್ರೋ ಸ್ಟೂಲಿಗೆ ಒಂದು ತುಂಡು ಕೇಳಾಕತ್ತೀನಿ. ಗಿಟಾರಿಗೆ ಬೆನ್ನಿಲ್ಲ, ನನಗೈತ್ರಿ."

ವಿಡಿಯೋ

ಬೆಳ್ಳಿಹಬ್ಬ ಹತ್ತಿರವಾಯಿತು. ಕೊನೆಯ ಪ್ರಾಕ್ಟೀಸನ್ನು ಫಾರ್ಮಸಿಸ್ಟನ ಹೆಂಡತಿ ಫೋನಿನಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಕಳಿಸಿದಳು. ಮನೆ ಸೇರುವಷ್ಟರಲ್ಲಿ ಅಕೌಂಟೆಂಟರ ಫೋನು.

"ನೋಡಿದ್ರಾ? ಆಡಿಟ್ ಮುಗೀತು. ಹಾಡು ಉಂಟು, ಕೀಬೋರ್ಡು ಉಂಟು, ಡ್ರಮ್ಸ್ ಉಂಟು. ನೀವು ಎಲ್ಲಿದ್ದೀರಿ?"

ಫೋನಿನ ಸ್ಪೀಕರ್ ಉಗುರಿನಷ್ಟು. ಅದರಲ್ಲಿ ಬೇಸ್ ಹುಡುಕುವುದೆಂದರೆ ಚಹಾ ಸೋಸುವ ಜರಡಿಯಲ್ಲಿ ಕುಂಬಳಕಾಯಿ ದಾಟಿಸಿದ ಹಾಗೆ. ಹಾಗೆಂದು ಹೇಳಿದೆ. ಅವರು "ಸ್ವಾಗತ ಭಾಷಣ ಬರೆದಿಟ್ಟುಕೊಳ್ಳಿ" ಎಂದು ಫೋನಿಟ್ಟರು.

ನನಗೆ ಧೈರ್ಯಕ್ಕೆ ಕೊರತೆಯಿಲ್ಲ. ಆದರೂ ಮನೆಯವರ ಬಾಯಲ್ಲಿ ಒಂದು ಮಾತು ಕೇಳೋಣವೆಂದು ಹೆಂಡತಿಗೆ ವಿಡಿಯೋ ತೋರಿಸಿದೆ. "ನಾನು ಹೇಗಿದ್ದೇನೆ?"

"ಅಂಗಿ ಚೆನ್ನಾಗಿದೆ."

"ಅಂಗಿಯಲ್ಲ. ನಾನು ಬಾರಿಸೋದು?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಕೊನೆಗೆ ಮಗಳನ್ನು ಕರೆದಳು. ಮಗಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಒಂದು ಸಲ ಸ್ಕ್ರೀನು ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು.

"ಪಪ್ಪಾ, ಆರ್ ಯೂ ಆನ್ ಮ್ಯೂಟ್?"

ಬೆಳ್ಳಿಹಬ್ಬ

ಮರುದಿನ ಅದೇ ವಿಡಿಯೋವನ್ನು ನನ್ನ ಡೆಲಿವರಿ ವ್ಯಾನಿನ ದೊಡ್ಡ ಸ್ಪೀಕರಿನಲ್ಲಿ ಹಾಕಿ ಕೇಳಿದೆ. ನಾನಿದ್ದೆ. ಆದರೆ ನಾನು ಎಲ್ಲೆಲ್ಲಿ ಇದ್ದೆನೋ ಅಲ್ಲೆಲ್ಲ ಅಕೌಂಟೆಂಟರ ಎಡಗೈಯೂ ಇತ್ತು. ಇಬ್ಬರ ತಗ್ಗು ಸ್ವರವೂ ಸೇರಿ ಗಂಜಿ. ಒಂದೇ ಫುಟ್‌ಪಾತಿನಲ್ಲಿ ಇಬ್ಬರು ಒಂದೇ ಮಾಲು ಹಿಡಿದು ಕೂಗಿದರೆ ಗಿರಾಕಿ ರಸ್ತೆ ದಾಟಿ ಹೋಗುತ್ತಾನೆ. ಖಲಾಸ್, ರೋಗ ಸಿಕ್ಕಿತು.

ಬೆಳ್ಳಿಹಬ್ಬದ ದಿನ ಫಿಂಟಾಸಿನ ಹಾಲ್‌ನಲ್ಲಿ ಕಾರ್ಯಕ್ರಮಕ್ಕೆ ಮೊದಲು ಅಕೌಂಟೆಂಟರಿಗೆ ನಯವಾಗಿಯೇ ಹೇಳಿದೆ. "ಇವತ್ತೊಂದು ದಿನ ಎಡಗೈಗೆ ರಜೆ ಕೊಡಿ."

"ನನ್ನ ಕೈಯಲ್ಲಿ ಇಲ್ಲ ಮಾರಾಯ್ರೆ. ಅದು ತನ್ನಷ್ಟಕ್ಕೇ ಹೋಗ್ತದೆ."

ಹೋಯಿತು. ಮೊದಲ ಎರಡು ಹಾಡಿಗೆ ಎಡಗೈ ತನ್ನಷ್ಟಕ್ಕೇ ಹೋಯಿತು. ಅಮೃತಶಿಲೆಯ ನೆಲ, ಗಂಜಿ ಇಡೀ ಹಾಲ್ ತುಂಬ ಹರಿಯಿತು. ಕುಣಿತವೆಂದರೆ ಪ್ರಾಣ ಬಿಡುವ ಭಾವನೇ ಎರಡು ಸುತ್ತು ಹಾಕಿ, ಹೆಜ್ಜೆ ಸಿಗದೆ ಕುರ್ಚಿಗೆ ವಾಪಸಾದ. ಅಕೌಂಟೆಂಟರು ನನ್ನ ಕಡೆ ತಿರುಗಿ ಮೈಕನ್ನು ಕಣ್ಣಲ್ಲೇ ತೋರಿಸಿದರು.

ಬೇಡ ಎಂದರೆ ಬಿಡದ ಗಿರಾಕಿಗೆ ಬೇರೆ ಮಾಲು ತೋರಿಸಬೇಕು. ಎರಡನೇ ಹಾಡು ಮುಗಿದ ಕೂಡಲೇ ನಾನು ಸೀದಾ ಫಾರ್ಮಸಿಸ್ಟನ ಅಕ್ಕನ ಬಳಿಗೆ ಹೋದೆ. "ಅಕ್ಕಾ, ಕೀಬೋರ್ಡಿನವರು ಆಫೀಸಿನಿಂದ ನೇರ ಬಂದಿದ್ದಾರೆ. ಬಾಯಿ ಬಿಟ್ಟು ಹೇಳುವ ಜನ ಅಲ್ಲ. ಏನೂ ತಿಂದ ಹಾಗಿಲ್ಲ."

ತನ್ನ ಬೆಳ್ಳಿಹಬ್ಬದಲ್ಲಿ ಒಬ್ಬರ ಹೊಟ್ಟೆ ಖಾಲಿಯಿದೆ ಎಂದರೆ ಮಂಗಳೂರು ಕಡೆಯ ಹೆಂಗಸು ಸುಮ್ಮನಿರುವುದುಂಟೇ? ಜರಿಸೀರೆ ಎತ್ತಿಕೊಂಡು ಸ್ಟೇಜಿಗೇ ಬಂದಳು. ತಟ್ಟೆಯ ತುಂಬ ಕಟ್ಲೆಟ್ಟು, ಇಡ್ಲಿಯಂಥ ಸನ್ನಾ, ಕೋಳಿ ಸುಕ್ಕ. ಇಡಲು ಮೇಜಿಲ್ಲ, ಅಕೌಂಟೆಂಟರ ಎಡಗೈ ಎತ್ತಿ ಅದರ ಮೇಲೇ ಇಟ್ಟಳು.

"ಬಾರಿಸ್ತಾ ಇದ್ದೇನೆ ಅಕ್ಕಾ..."

"ಬಾರಿಸಿ, ಬೇಡ ಅಂದವರು ಯಾರು? ನಡುನಡುವೆ ತಿನ್ನಿ. ಉಳಿಸಿದ್ರೆ ನೋಡಿ ಮತ್ತೆ!"

ಬಲಗೈ ರಾಗ ಬಾರಿಸಿತು, ಎಡಗೈ ತಟ್ಟೆ ಹಿಡಿಯಿತು. ಹಾಡಿನ ಸಂದಿಯಲ್ಲಿ ಬಲಗೈಯೇ ಒಂದು ತುತ್ತು ಬಾಯಿಗಿಟ್ಟು ವಾಪಸು ಓಡಿತು. ತಟ್ಟೆಯಲ್ಲಿ ಜಾಗ ಕಂಡ ಕೂಡಲೇ ಅಕ್ಕ ಬಂದು ತುಂಬಿಸಿದಳು. ಗಂಜಿ ತಿಳಿಯಾಯಿತು. ನಾನು ಮೀಟಿದ್ದು ಹಾಲಿನ ಕೊನೆಯ ಗೋಡೆಗೂ ಮುಟ್ಟಿತು. "ಹಾಂ ಸಾವ್ಕಾರ್ರ, ಈಗ ಬಂತ್ ನೋಡ್ರಿ!" ಎಂದು ಡ್ರಮ್ಸಿನವನು ಹಿಂದಿನಿಂದ ಕೂಗಿದ. ಭಾವ ಕುರ್ಚಿಯಿಂದ ಎದ್ದ. ಅವನ ಹಿಂದೆ ಮಾವಂದಿರು, ಅತ್ತೆಯಂದಿರು, ಕೊನೆಗೆ ಕ್ಯಾಟರಿಂಗಿನವರೂ. ಕೊನೆಯ ಬೈಲಾ ಕುಣಿತದ ಹಾಡಿಗೆ ಕುರ್ಚಿಗಳ ಮೇಲೆ ಕೈಚೀಲಗಳು ಮಾತ್ರ ಕೂತಿದ್ದವು.

ಹಾಡು ಮುಗಿಯಿತು. ಭಾವ ಬೆವರು ಸುರಿಸುತ್ತ ಸ್ಟೇಜಿಗೆ ಬಂದ. ನನ್ನನ್ನು ದಾಟಿ ಹೋಗಿ ಅಕೌಂಟೆಂಟರ ಭುಜ ಹಿಡಿದುಕೊಂಡ. "ಬೇಸ್ ಅಂದ್ರೆ ಇದು! ಎದೆಗೇ ಬಡೀತಿತ್ತು! ಬೇಸ್ ನೀವೇ ನೋಡಿಕೊಳ್ಳೋದಂತಲ್ಲ?"

ಅಕೌಂಟೆಂಟರು ವಿನಯದಿಂದ ತಲೆ ಬಗ್ಗಿಸಿದರು. "ನಾನು ಮೊದಲಿಂದ್ಲೂ ಹೇಳ್ತಾ ಬಂದದ್ದೇ. ಎಲ್ಲ ಎಡಗೈಯ ಅಭ್ಯಾಸ."

"ಸರ," ಎಂದ ಡ್ರಮ್ಸಿನವನು, "ಆ ಎಡಗೈಯಾಗ ಏನೈತಿ ಒಮ್ಮೆ ನೋಡ್ಕೋರಿ."

ಅವರು ನೋಡಿಕೊಂಡರು. ತಟ್ಟೆ. ಅದರಲ್ಲಿ ಅರ್ಧ ಕಚ್ಚಿದ ಕಟ್ಲೆಟ್ಟು. ಲೆಕ್ಕ ತಾಳೆಯಾಗದ ಅಕೌಂಟೆಂಟರ ಮುಖ ನಾನು ಅಷ್ಟು ಹತ್ತಿರದಿಂದ ಅದೇ ಮೊದಲು ನೋಡಿದ್ದು. ತಟ್ಟೆ ನೋಡಿದರು, ನನ್ನ ನಾಲ್ಕು ತಂತಿ ನೋಡಿದರು, ಮತ್ತೆ ತಟ್ಟೆ ನೋಡಿದರು.

"ಹಾಗಾದ್ರೆ... ನೀವು ಇರಿ ಮಾರಾಯ್ರೆ" ಎಂದರು.

ಅಷ್ಟರಲ್ಲಿ ಅಕ್ಕ ಮತ್ತೆ ಪಾತ್ರೆ ಹಿಡಿದು ಬಂದಳು. "ಇನ್ನೊಂದು ಕಟ್ಲೆಟ್ ಹಾಕಲಾ?"

ಅಕೌಂಟೆಂಟರು ತಟ್ಟೆಯನ್ನು ಮುಂದೆ ಚಾಚಿದರು.

"ಹಾಕಿ ಅಕ್ಕಾ. ನನಗಲ್ಲ, ಬೇಸಿಗೆ."